ವಿಲ್ಲಾ ದೆಸ್ತೆಗೆ ಹೋಗಿ, ಆದರೆ ಮೆಟ್ಟಿಲು ನೆನಪಿರಲಿ

ರೋಮಿನಲ್ಲಿ ನಾಲ್ಕು ದಿನ ಇರ್ತೀವಿ, ಜೊತೆಗೆ ಮಂಡಿನೋವಿರೋ ಅಮ್ಮ ಇದ್ದಾರೆ, ಬರೀ ಕಾರಂಜಿ ನೋಡೋಕೆ ಟಿವೊಲಿಯ ವಿಲ್ಲಾ ದೆಸ್ತೆವರೆಗೆ ಹೋಗಬೇಕಾ ಅಂತ ಕೇಳಿದ್ದೀರಿ.

ಹೋಗಿ. ಪೂರ್ತಿ ದಿನ ಬೇಡ, ಮುಕ್ಕಾಲು ದಿನ ಸಾಕು. ರೋಮಿನಿಂದ ಸುಮಾರು 30 ಕಿಲೋಮೀಟರ್ ಅಷ್ಟೇ.

ನಾನು ಹೋಗಿದ್ದು ಒಂದು ಮೇ ತಿಂಗಳಲ್ಲಿ, ಒಬ್ಬಳೇ. ಚಿಕ್ಕವಳಿದ್ದಾಗಿಂದ ಬೃಂದಾವನ ನೋಡಿದವಳು. ಕಾರಂಜಿ ಅಂದರೆ ಮೋಟರು, ಬಣ್ಣದ ಲೈಟು, ಹಾಡು ಅಂತಲೇ ತಲೆಯಲ್ಲಿ ಕೂತಿತ್ತು. ಇಲ್ಲಿ ಒಂದು ಪಂಪೂ ಇಲ್ಲದೆ ನೀರು ಚಿಮ್ಮುತ್ತೆ ಅಂತ ಗೊತ್ತಾದ ಮೇಲೆ ಆಮೇಲೆ ನೋಡಿದ್ದೆಲ್ಲ ಬೇರೆಯಾಗೇ ಕಾಣಿಸಿತು.

1550ರಲ್ಲಿ ಇಪ್ಪೊಲಿತೊ ದೆಸ್ತೆ ಅನ್ನೋ ಕಾರ್ಡಿನಲ್ (ಕ್ಯಾಥೊಲಿಕ್ ಚರ್ಚಿನಲ್ಲಿ ಪೋಪ್‌ಗಿಂತ ಕೆಳಗಿನ ದೊಡ್ಡ ಪದವಿ) ಟಿವೊಲಿಗೆ ಗವರ್ನರ್ ಆಗಿ ಬಂದ. ಪೋಪ್ ಆಗಬೇಕು ಅಂತ ಎಷ್ಟೋ ಸಲ ಪ್ರಯತ್ನಪಟ್ಟು ಆಗದೇ ಹೋದವನು. ದುಡ್ಡಿಗೇನೂ ಕಮ್ಮಿ ಇರಲಿಲ್ಲ. ಊರಿನ ಹಳೇ ಮಠವನ್ನು ಅರಮನೆ ಮಾಡಿಕೊಂಡ, ಕೆಳಗಿನ ಇಳಿಜಾರನ್ನೆಲ್ಲ ಕಡಿದು ತೋಟ ಮಾಡಿಸಿದ. ಯೋಜನೆ ಹಾಕಿದ್ದು ಪಿರ್ರೊ ಲಿಗೋರಿಯೊ ಅನ್ನೋ ವಾಸ್ತುಶಿಲ್ಪಿ. ಅನಿಯೇನೆ ನದಿಯಿಂದ ಊರಿನ ಅಡಿಯಲ್ಲೇ ಸುಮಾರು 600 ಮೀಟರ್ ಸುರಂಗ ತೋಡಿ ನೀರು ತಂದರು. ಉಳಿದದ್ದು ನಮ್ಮ ತಾರಸಿ ಮೇಲಿನ ಟ್ಯಾಂಕಿನ ಲೆಕ್ಕವೇ. ಟ್ಯಾಂಕು ಎಷ್ಟು ಮೇಲಿದ್ದರೆ ಕೆಳಗಿನ ನಲ್ಲಿಯಲ್ಲಿ ಅಷ್ಟು ಫೋರ್ಸು. ಮೇಲಿನ ಕಟ್ಟೆಯ ಕಾರಂಜಿಗೆ ಬಿದ್ದ ನೀರೇ ಇಳಿದು ಕೆಳಗಿನದಕ್ಕೂ ಆಗುತ್ತೆ.

ನೀರಿನ ಆರ್ಗನ್ ಅಂತ ಒಂದಿದೆ, ಅಂದರೆ ನೀರಿನ ಬಲದಿಂದ ಪೀಪಿಗಳಿಗೆ ಗಾಳಿ ಊದಿ ತಾನಾಗೇ ನುಡಿಯೋ ವಾದ್ಯ. ಅದನ್ನು ಮಾತ್ರ ತಪ್ಪಿಸಿಕೊಳ್ಳಬೇಡಿ. ನೋಡೋಕೆ ಚರ್ಚಿನ ಮುಂಭಾಗದ ಹಾಗಿದೆ. ಒಳಗೆ ನೀರು ಕೊಳವೆಯಲ್ಲಿ ಜೋರಾಗಿ ಬೀಳುವಾಗ ಗಾಳಿಯನ್ನೂ ಎಳೆದುಕೊಂಡು ಹೋಗುತ್ತೆ. ಕೆಳಗೊಂದು ಮುಚ್ಚಿದ ಕೋಣೆ. ಅಲ್ಲಿ ಗಾಳಿ ಬೇರೆಯಾಗಿ ಪೀಪಿಗಳಿಗೆ ನುಗ್ಗುತ್ತೆ. ಅದೇ ನೀರು ಒಂದು ಚಕ್ರ ತಿರುಗಿಸುತ್ತೆ, ಚಕ್ರ ಮೊಳೆ ಹೊಡೆದ ಉರುಳೆಯನ್ನು ತಿರುಗಿಸುತ್ತೆ, ಯಾವ ಸ್ವರ ಯಾವಾಗ ಅಂತ ಆ ಮೊಳೆಗಳೇ ಹೇಳುತ್ತವೆ. 16ನೇ ಶತಮಾನದಲ್ಲಿ! ಒಳಗೆ ಯಾರೋ ಕೂತು ನುಡಿಸ್ತಿದ್ದಾರೆ ಅಂತ ಆಗಿನ ಜನ ಅನುಮಾನಪಟ್ಟಿದ್ದರಂತೆ. ಸುಮಾರು ಕಾಲ ಕೆಟ್ಟು ನಿಂತಿತ್ತು, 2003ರಲ್ಲಿ ರಿಪೇರಿಯಾಗಿ ಮತ್ತೆ ನುಡಿಯಿತು. ದಿನಕ್ಕೆ ಕೆಲವೇ ಸಲ, ಕೆಲವೇ ನಿಮಿಷ ನುಡಿಯುತ್ತೆ. ಟಿಕೆಟ್ ತಗೊಳ್ಳುವಾಗಲೇ ಸಮಯ ಕೇಳಿಕೊಳ್ಳಿ. ನಾನು ಹೋದಾಗ ಸ್ಕೂಲ್ ಮಕ್ಕಳ ಗುಂಪೊಂದು ಕಿರುಚಾಡ್ತಾ ಬಂತು, ಮೊದಲ ಸ್ವರ ಬಿದ್ದದ್ದೇ ಎಲ್ಲ ಗಪ್‌ಚುಪ್.

ನೂರು ಕಾರಂಜಿಗಳ ಸಾಲು ಅಂತ ಇನ್ನೊಂದು. ಸುಮಾರು 100 ಮೀಟರ್ ಉದ್ದದ ಗೋಡೆ, ಮೂರು ಸಾಲು ನೀರು. ಮೇಲೆ ದೆಸ್ತೆ ಮನೆತನದ ಹದ್ದು, ಲಿಲ್ಲಿ ಹೂ, ದೋಣಿ. ಕೆಳಗೆ ಪ್ರಾಣಿಗಳ ಮುಖಗಳು, ಬಾಯಿಂದ ನೀರು. ಪಾಚಿ ಹೇಗೆ ಬೆಳೆದಿದೆ ಅಂದರೆ ಕೆಲವು ಮುಖಕ್ಕೆ ಕಣ್ಣೇ ಇಲ್ಲ, ಒಂದರ ಗಲ್ಲಕ್ಕೆ ಜರೀಗಿಡ ಗಡ್ಡದ ಹಾಗೆ ಇಳಿಬಿದ್ದಿತ್ತು. ನಾನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಮೂರು ಸಲ ನಡೆದೆ, ಸುಮ್ನೆ. ಎಲ್ಲರೂ ಫೋಟೋ ಹಾಕೋ ದೊಡ್ಡ ನೆಪ್ಚೂನ್ ಕಾರಂಜಿ ಇದೆಯಲ್ಲ, ಅದು ಕಾರ್ಡಿನಲ್ ಕಾಲದ್ದಲ್ಲ, 1927ರದ್ದು. ಚೆನ್ನಾಗೇ ಇದೆ ಅನ್ನಿ.

ಅರಮನೆಯ ಕೋಣೆಗಳಲ್ಲಿ ಚಾವಣಿ ತುಂಬಾ ಚಿತ್ರ, ಸಾಮಾನು ಏನೂ ಇಲ್ಲ. ಅರ್ಧ ಗಂಟೆ ಸಾಕು.

ಈಗ ಅಮ್ಮನ ವಿಷಯ. ಒಳಗೆ ಹೋಗೋದು ಮೇಲಿನಿಂದ, ತೋಟ ಇರೋದು ಕೆಳಗೆ. ಇಳಿಯುವಾಗ ಏನೂ ಅನ್ನಿಸಲ್ಲ, ಹತ್ತುವಾಗ ಗೊತ್ತಾಗುತ್ತೆ. ಹಿಂದೆ ಅತಿಥಿಗಳು ಕೆಳಗಿನ ಬಾಗಿಲಿಂದ ಬಂದು ಅರಮನೆಯನ್ನು ನೋಡ್ತಾ ನೋಡ್ತಾ ಹತ್ತುತ್ತಿದ್ದರಂತೆ, ನಾವು ಅದನ್ನು ತಿರುಗಾಮುರುಗಾ ನೋಡ್ತೀವಿ. ಅಮ್ಮ ನೂರು ಕಾರಂಜಿಗಳ ಸಾಲಿನವರೆಗೆ ಇಳಿದರೆ ಸಾಕು, ಅದು ಸಮತಟ್ಟಾದ ದಾರಿ. ಇನ್ನೂ ಕೆಳಗಿರೋ ಮೀನಿನ ಕೊಳಗಳವರೆಗೆ ನೀವೊಬ್ಬರೇ ಹೋಗಿ ಬನ್ನಿ. ಹಿಡಿತ ಇರೋ ಚಪ್ಪಲಿ ಇರಲಿ, ಕಲ್ಲು ಒದ್ದೆ ಇರುತ್ತೆ. ಹತ್ತಿರದ ಹೇಡ್ರಿಯನ್ ಚಕ್ರವರ್ತಿಯ ವಿಲ್ಲಾವನ್ನೂ ಅದೇ ದಿನ ಸೇರಿಸಬೇಡಿ. ಅದು ವಿಪರೀತ ದೊಡ್ಡದು, ನಡೆದು ನಡೆದು ಸುಸ್ತಾಗುತ್ತೆ. (ಲಿಗೋರಿಯೊ ಅಲ್ಲೇ ಅಗೆಸಿ ಶಿಲ್ಪಗಳನ್ನು ಈ ತೋಟಕ್ಕೆ ಸಾಗಿಸಿದ್ದ, ಅದು ಬೇರೆ ಕತೆ.)

ಮೆಟ್ರೋ ಬಿ ಲೈನಿನಲ್ಲಿ ಪೋಂತೆ ಮಮ್ಮೊಲೊಗೆ ಹೋದರೆ ಟಿವೊಲಿ ಬಸ್ಸು ಸಿಗುತ್ತೆ. ತಿಬುರ್ತೀನಾ ಸ್ಟೇಷನ್ನಿಂದ ರೈಲೂ ಇದೆ, ಆದರೆ ಇಳಿದ ಮೇಲೆ ನಡಿಗೆ ಜಾಸ್ತಿ. ಬಸ್ಸಿನಲ್ಲಿ ಅರ್ಧ ದಾರಿಯಲ್ಲಿ ಕೊಳೆತ ಮೊಟ್ಟೆ ವಾಸನೆ ಬಂದರೆ ಅಕ್ಕಪಕ್ಕದವರನ್ನು ಗುರಾಯಿಸಬೇಡಿ. ಅಲ್ಲಿ ಗಂಧಕದ ಬುಗ್ಗೆಗಳಿವೆ. ವಾಪಸ್ ಟಿಕೆಟ್ಟನ್ನೂ ರೋಮಿನಲ್ಲೇ ತಗೊಂಡುಬಿಡಿ. ನಾನು ತಗೊಂಡಿರಲಿಲ್ಲ. ಟಿವೊಲಿಯಲ್ಲಿ ಟಿಕೆಟ್ ಮಾರೋ ಅಂಗಡಿ ಮಧ್ಯಾಹ್ನ ಬಾಗಿಲು ಹಾಕಿತ್ತು, ಎರಡು ಬಸ್ಸು ಕಣ್ಣೆದುರೇ ಹೋದವು. ಅಷ್ಟೊತ್ತು ಚೌಕದಲ್ಲಿ ಕೂತು ಒಂದು ದೊಡ್ಡ ತುಂಡು ಪಿಜ್ಜಾ ತಿಂದೆ.