ಖುಲಾಸೆಯಾದವನು ಮನೆಗೆ ಹೋಗುತ್ತಾನೆಯೇ?

ಮಾನ್ಯರೇ,

ಮುಂಬಯಿ ಬಳಿಯ ಡೊಂಬಿವಲಿಯಿಂದ ನೀವು ಬರೆದ ಪತ್ರ ತಲುಪಿದೆ. ಬೆಂಗಳೂರಿನ ನಿಮ್ಹಾನ್ಸ್‌ನ ಮನೋವೈದ್ಯ ಡಾ. ಸುರೇಶ್ ಬಡಾ ಮಠ ಅವರು, ಬುದ್ಧಿ ಸ್ವಾಧೀನದಲ್ಲಿ ಇರಲಿಲ್ಲವೆನ್ನುವ ಆರೋಪಿಗಳ ಕುರಿತು ನಡೆಸಿದ ಸಂಶೋಧನೆಯ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ನಿಮಗೆ ಸಿಟ್ಟು ತರಿಸಿದೆ. "ಕೊಲೆ ಮಾಡಿ, ತಲೆ ಸರಿಯಿಲ್ಲವೆಂದು ಡಾಕ್ಟರರ ಚೀಟಿ ತಂದರೆ ಮುಗಿಯಿತೇ? ಸತ್ತವರ ಮನೆಯವರು ಯಾರಲ್ಲಿ ಕೇಳಬೇಕು?" ಎಂದಿದ್ದೀರಿ. ನಿಮ್ಮ ಕಟ್ಟಡದ ಮೂರನೇ ಮಾಳಿಗೆಯ ಹುಡುಗ ರಾತ್ರಿಯಿಡೀ ಒಬ್ಬನೇ ಕೂಗಾಡುತ್ತಾನೆ, ಆ ಮನೆ ಖಾಲಿ ಮಾಡಿಸಲು ಸೊಸೈಟಿಯವರು ಓಡಾಡುತ್ತಿದ್ದಾರೆ ಎಂದೂ ಬರೆದಿದ್ದೀರಿ.

ಚೀಟಿ ತೋರಿಸಿ ಯಾರೂ ಪಾರಾಗುವುದಿಲ್ಲ. ಬುದ್ಧಿ ಸ್ವಾಧೀನದಲ್ಲಿ ಇಲ್ಲದವನನ್ನು ಶಿಕ್ಷೆಯಿಂದ ಕಾಪಾಡುವ 1860ರ ದಂಡಸಂಹಿತೆಯ 84ನೇ ಕಲಂ ಈಗ ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಂ ಆಗಿದೆ. ಕೃತ್ಯ ನಡೆದ ಆ ಹೊತ್ತಿನಲ್ಲಿ ತಾನು ಏನು ಮಾಡುತ್ತಿದ್ದೇನೆ ಎಂದೋ, ಅದು ತಪ್ಪು ಎಂದೋ ತಿಳಿಯುವ ಶಕ್ತಿಯೇ ಆರೋಪಿಗೆ ಇರಲಿಲ್ಲವೇ ಎಂಬುದನ್ನು ಆ ಕಲಂ ನೋಡುತ್ತದೆ. ವರ್ಷಗಟ್ಟಲೆ ಸ್ಕಿಜೋಫ್ರೇನಿಯಾ ಎಂಬ ಮನೋರೋಗಕ್ಕೆ ಮಾತ್ರೆ ನುಂಗಿದವನಿಗೂ ಈ ರಕ್ಷಣೆ ತಾನಾಗಿ ಸಿಗದು. ಸಾಬೀತು ಮಾಡುವ ಹೊಣೆಯೂ ಆರೋಪಿಯದ್ದೇ. 2007ರಿಂದ ಸುಮಾರು ಹತ್ತು ವರ್ಷಗಳ ಹೈಕೋರ್ಟ್ ತೀರ್ಪುಗಳನ್ನು ಕೆಲವು ಮನೋವೈದ್ಯರು ಜಾಲಾಡಿದರು. 13 ಹೈಕೋರ್ಟ್‌ಗಳ 102 ಪ್ರಕರಣಗಳಲ್ಲಿ ಈ ವಾದ ಗೆದ್ದದ್ದು ಐದರಲ್ಲಿ ಒಂದು ಪಾಲಿಗೂ ಕಡಿಮೆ. ಗೆದ್ದವರ ಕೈಯಲ್ಲಿ ಹೆಚ್ಚಾಗಿ ಇದ್ದದ್ದು ಕೃತ್ಯಕ್ಕೂ ಮೊದಲಿನ ಚಿಕಿತ್ಸೆಯ ದಾಖಲೆ ಮತ್ತು ಮನೋವೈದ್ಯರ ಅಭಿಪ್ರಾಯ.

ಡಾ. ಮಠ ಮತ್ತು ಸಹೋದ್ಯೋಗಿಗಳು 2015ರಲ್ಲಿ ಬರೆದ ಪ್ರಬಂಧ ಮುಖ್ಯವಾಗುವುದು ಇಲ್ಲಿಯೇ. ವೈದ್ಯರು ಆರೋಪಿಯನ್ನು ಕಾಣುವುದು ಎಷ್ಟೋ ಸಲ ಘಟನೆಯಾಗಿ ತಿಂಗಳುಗಳು ಕಳೆದ ಮೇಲೆ. ಅಷ್ಟರಲ್ಲಿ ಔಷಧ ಹಿಡಿದು ಅವನು ಶಾಂತವಾಗಿರಬಹುದು, ಇಲ್ಲವೇ ಜೈಲಿನಲ್ಲೇ ಕೆಟ್ಟಿರಬಹುದು. ಆ ದಿನದ ಮನಸ್ಸನ್ನು ಇಂದು ಅಳೆಯುವುದು ಹೇಗೆ? ಅದಕ್ಕೊಂದು ಕ್ರಮಬದ್ಧ ಪರೀಕ್ಷೆಯ ಮಾದರಿಯನ್ನು ಅವರು ಮುಂದಿಟ್ಟರು. ಈ ಕೆಲಸಕ್ಕೆ ತರಬೇತಾದ ವೈದ್ಯರೂ ಕೇಂದ್ರಗಳೂ ದೇಶದಲ್ಲಿ ಬೇಕು ಎಂದು ಒತ್ತಿ ಹೇಳಿದರು. ಸುಳ್ಳು ಹೇಳುವವನನ್ನು ಹಿಡಿಯುವುದಕ್ಕೂ ಇಂಥ ಪರೀಕ್ಷೆಯೇ ಬೇಕು. ನಿಮ್ಮ ಸಿಟ್ಟಿಗೆ ಉತ್ತರ ಕೊಡುವ ಸಂಶೋಧನೆ ಇದು ಎಂದೇ ನಾನು ಅದರ ಬಗೆಗಿನ ಲೇಖನವನ್ನು ಪ್ರಕಟಿಸಿದೆ.

ಸತ್ತವರ ಮನೆಯವರ ಬಗ್ಗೆ ನೀವು ಕೇಳಿದ್ದು ನ್ಯಾಯವಾದ ಪ್ರಶ್ನೆ. ಬುದ್ಧಿ ಸ್ವಾಧೀನದಲ್ಲಿ ಇರಲಿಲ್ಲವೆಂದು ಖುಲಾಸೆ ಮಾಡುವಾಗ, ಆ ಕೃತ್ಯವನ್ನು ಅವನೇ ಮಾಡಿದನೋ ಇಲ್ಲವೋ ಎಂದು ನ್ಯಾಯಾಧೀಶರು ತೀರ್ಪಿನಲ್ಲಿ ಬರೆಯಲೇಬೇಕು. ಕ್ರಿಮಿನಲ್ ವಿಚಾರಣೆಯ ಕ್ರಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 373ನೇ ಕಲಂ ಹಾಗೆ ಹೇಳುತ್ತದೆ. ಮುಂದಿನ 374ನೇ ಕಲಂ ಪ್ರಕಾರ ಅವನನ್ನು ಸುರಕ್ಷಿತ ವಶದಲ್ಲಿ ಇಡಬೇಕು, ಅಥವಾ ಯಾರಿಗೂ ಅಪಾಯವಾಗದಂತೆ ನೋಡಿಕೊಳ್ಳುತ್ತೇವೆಂದು ಜಾಮೀನು ಕೊಟ್ಟ ಬಂಧುಗಳಿಗೆ ಒಪ್ಪಿಸಬೇಕು. ಬಂಧುಗಳು ಬಾರದಿದ್ದರೆ? ನಮ್ಮ ಮಹಾರಾಷ್ಟ್ರದಲ್ಲಿ ಠಾಣೆ ನಗರ, ಪುಣೆಯ ಯರವಡಾ ಇಲ್ಲಿನಂಥ ಮಾನಸಿಕ ಆಸ್ಪತ್ರೆಗಳಲ್ಲಿ ದಿನ ದೂಡಬೇಕಾದೀತು.

ಅಸ್ಸಾಮಿನ ಮಚಂಗ್ ಲಾಲುಂಗ್ ಅವರ ಕತೆಯನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. 1951ರಲ್ಲಿ ಬಂಧಿಸಿ ತೇಜಪುರದ ಮಾನಸಿಕ ಆಸ್ಪತ್ರೆಗೆ ಸೇರಿಸಿದರು. ಗುಣವಾಗಿದ್ದಾರೆಂದು 1967ರಲ್ಲಿ ವೈದ್ಯರು ಹೇಳಿದ ಮೇಲೂ ಬಿಡುಗಡೆಯಿಲ್ಲ, ಜೈಲಿಗೆ ಹಾಕಿದರು. ವಿಚಾರಣೆ ನಡೆಯಲೇ ಇಲ್ಲ. 2005ರಲ್ಲಿ ಹೊರಬಂದಾಗ ಅವರಿಗೆ 77 ವರ್ಷ. ಬುದ್ಧಿಭ್ರಮಣೆಯ ಹೆಸರಿನಲ್ಲಿ ತಪ್ಪಿಸಿಕೊಂಡವರ ಕತೆಗಳನ್ನು ನಾವು ಬಾಯಿಂದ ಬಾಯಿಗೆ ದಾಟಿಸುತ್ತೇವೆ. ಅದೇ ಹೆಸರಿನಲ್ಲಿ ಕೊಳೆತವರನ್ನು ವಿಚಾರಿಸುವುದಿಲ್ಲ.

ಇನ್ನು ಆ ಹುಡುಗ. ಕೂಗಾಡುತ್ತಾನೆಂಬುದಕ್ಕೆ ಅವನನ್ನು ನಾಳಿನ ಕೊಲೆಗಾರನೆಂದು ಎಣಿಸಬೇಡಿ. ಮನೆ ಖಾಲಿ ಮಾಡಿಸುವ ಮಾತಿಗೆ ದಯವಿಟ್ಟು ಸಹಿ ಹಾಕಬೇಡಿ. ನೀವು ಹಿರಿಯರು, ಅವನ ತಾಯಿಯ ಹತ್ತಿರ ಮೆಲ್ಲಗೆ ಮಾತಾಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಠಾಣೆ ನಗರದ ಮಾನಸಿಕ ಆಸ್ಪತ್ರೆಗೆ ಲೋಕಲ್ ರೈಲು ಹತ್ತಿದರಾಯಿತು. ಊರಿಗೆ ಹೋಗಿ ದೈವದ ದರ್ಶನದಲ್ಲಿ ಕೇಳಿಸುವುದಿದ್ದರೆ ಕೇಳಿಸಲಿ, ಮಾತ್ರೆ ಮಾತ್ರ ನಿಲ್ಲಿಸಬಾರದು. ಡಾಕ್ಟರರ ಪ್ರತಿಯೊಂದು ಕಾಗದವನ್ನೂ ಫೈಲಿನಲ್ಲಿ ಜೋಪಾನ ಮಾಡಲಿ. ತನಗೋ ಇತರರಿಗೋ ಅಪಾಯ ಮಾಡಿಕೊಳ್ಳುವಂತೆ ಕಂಡರೆ ಪೊಲೀಸರಿಗೆ ಹೇಳಿ: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 100ನೇ ಕಲಂ ಪ್ರಕಾರ 24 ಗಂಟೆಯೊಳಗೆ ಅವನನ್ನು ಸರ್ಕಾರಿ ಆಸ್ಪತ್ರೆಗೆ ತಲುಪಿಸುವುದು ಅವರ ಕರ್ತವ್ಯ. ಲಾಕಪ್ಪಿನಲ್ಲಿ ಇಡುವಂತಿಲ್ಲ.

— ಸಂ.