ಲಾಗ್ ಅಳಿಸಿದರೂ ಡಿಸ್ಕ್ ಖಾಲಿಯಾಗುತ್ತಿಲ್ಲವೇಕೆ? – ಮನೆಯ ಸರ್ವರ್ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ಹಳೆಯ ಲ್ಯಾಪ್‌ಟಾಪ್‌ಗೆ ಡೆಬಿಯನ್ ಲಿನಕ್ಸ್ ಹಾಕಿ ಸರ್ವರ್ ಮಾಡಿಕೊಂಡಿದ್ದೇನೆ. ಡಿಸ್ಕ್ ತುಂಬಿದೆ ಎಂಬ ಎರರ್ ಬಂತು. 30 ಜಿಬಿ ಬೆಳೆದಿದ್ದ ಒಂದು ಲಾಗ್ ಫೈಲನ್ನು (ಪ್ರೋಗ್ರಾಂ ತಾನು ಮಾಡಿದ್ದನ್ನೆಲ್ಲ ಬರೆದಿಡುವ ಫೈಲ್) ಅಳಿಸಿದೆ. ಆದರೂ ಒಂದಿಷ್ಟೂ ಜಾಗ ಬಿಡುಗಡೆಯಾಗಿಲ್ಲ. ಏನು ಮಾಡಲಿ?

ಉತ್ತರ: ಹೋಗಿರುವುದು ಫೈಲಿನ ಹೆಸರು ಮಾತ್ರ, ಫೈಲ್ ಇನ್ನೂ ಡಿಸ್ಕಿನಲ್ಲೇ ಇದೆ. ಲಿನಕ್ಸ್‌ನಲ್ಲಿ ‘ಆರ್‌ಎಂ’ ಕಮಾಂಡ್ ತೆಗೆಯುವುದು ಡೈರೆಕ್ಟರಿಯಲ್ಲಿ ಬರೆದಿರುವ ಹೆಸರನ್ನು. ಯಾವುದೋ ಪ್ರೋಗ್ರಾಂ ಆ ಫೈಲನ್ನು ತೆರೆದಿಟ್ಟುಕೊಂಡಿದ್ದರೆ, ಅದು ಮುಚ್ಚುವ ತನಕ ಆ ಜಾಗ ಯಾರಿಗೂ ಸಿಗುವುದಿಲ್ಲ. ಜಾಗ ಅಳೆಯುವ ಕಮಾಂಡ್‌ಗಳಲ್ಲಿ ‘ಡಿಎಫ್’ ಒಂದು ಲೆಕ್ಕ, ‘ಡಿಯು’ ಇನ್ನೊಂದು ಲೆಕ್ಕ ಹೇಳುವುದೂ ಇದರಿಂದಲೇ. ಡಿಎಫ್ ಫೈಲ್ ಸಿಸ್ಟಮ್ಮಿನ ಒಟ್ಟು ಲೆಕ್ಕ ಕೊಡುತ್ತದೆ. ಡಿಯು ಹೆಸರಿರುವ ಫೈಲ್‌ಗಳನ್ನಷ್ಟೇ ಕೂಡಿಸುತ್ತದೆ.

ಹಿಡಿದುಕೊಂಡಿರುವುದು ಯಾರೆಂದು ನೋಡಲು ‘ಸುಡೊ ಎಲ್‌ಎಸ್‌ಒಎಫ್ +ಎಲ್1’ ಕೊಡಿ. ಪ್ಲಸ್ ಚಿಹ್ನೆಯ ನಂತರದ ಎಲ್ ದೊಡ್ಡಕ್ಷರದಲ್ಲಿರಬೇಕು. ಸಾಲಿನ ಕೊನೆಯಲ್ಲಿ ‘ಡಿಲೀಟೆಡ್’ ಎಂದಿರುವ ಫೈಲನ್ನು ಹುಡುಕಿ. ಅದೇ ಸಾಲಿನ ಮೊದಲಲ್ಲಿ ಪ್ರೋಗ್ರಾಮಿನ ಹೆಸರು ಮತ್ತು ಪ್ರೋಸೆಸ್ ಸಂಖ್ಯೆ ಇರುತ್ತವೆ. ಆ ಸರ್ವಿಸ್ ಒಂದನ್ನೇ ರೀಸ್ಟಾರ್ಟ್ ಮಾಡಿದರೆ ಸಾಕು, ಇಡೀ ಯಂತ್ರವನ್ನು ರೀಬೂಟ್ ಮಾಡಬೇಕಿಲ್ಲ. ಮುಂದಿನ ಸಲ ಬಳಕೆಯಲ್ಲಿರುವ ಲಾಗನ್ನು ಅಳಿಸಬೇಡಿ. ‘ಟ್ರಂಕೇಟ್ -ಎಸ್ 0’ ಎಂದು ಬರೆದು ಮುಂದೆ ಫೈಲಿನ ಹೆಸರು ಕೊಡಿ. ಹೆಸರು ಉಳಿಯುತ್ತದೆ, ಜಾಗ ತಕ್ಷಣ ಸಿಗುತ್ತದೆ. ಕೆಲವು ಪ್ರೋಗ್ರಾಂಗಳು ಅಪೆಂಡ್ ಮೋಡ್‌ನಲ್ಲಿ (ಫೈಲಿನ ಈಗಿನ ಕೊನೆಗೆ ಸೇರಿಸುತ್ತ) ಬರೆಯುವುದಿಲ್ಲ, ಹಿಂದೆ ನಿಲ್ಲಿಸಿದ ಜಾಗದಿಂದಲೇ ಮುಂದುವರಿಸುತ್ತವೆ. ಅಂಥ ಕಡೆ ‘ಎಲ್‌ಎಸ್ -ಎಲ್’ ಮತ್ತೆ 30 ಜಿಬಿ ಎಂದೇ ತೋರಿಸಿದರೆ ಗಾಬರಿ ಬೇಡ. ಅದು ನಡುವೆ ಟೊಳ್ಳಿರುವ ಫೈಲ್. ನಿಜವಾಗಿ ಎಷ್ಟು ಜಾಗ ತಿನ್ನುತ್ತಿದೆ ಎಂಬುದನ್ನು ಡಿಯು ಹೇಳುತ್ತದೆ.

ಅಷ್ಟು ದೊಡ್ಡ ಲಾಗ್ ಹುಟ್ಟಿದ್ದು ಎಲ್ಲಿಂದ ಎಂಬುದನ್ನು ನೋಡದಿದ್ದರೆ ಇದೇ ತೊಂದರೆ ಮತ್ತೆ ಬರುತ್ತದೆ. ಡಾಕರ್ (ಪ್ರೋಗ್ರಾಂಗಳನ್ನು ಕಂಟೈನರ್ ಎಂಬ ಪ್ರತ್ಯೇಕ ಡಬ್ಬಿಗಳಲ್ಲಿ ಓಡಿಸುವ ಸಾಧನ) ಬಳಸುತ್ತಿದ್ದರೆ ಮೊದಲ ಅನುಮಾನ ಅದರ ಮೇಲೆ. ತಾನಾಗಿ ಬರುವ ‘ಜೇಸನ್-ಫೈಲ್’ ಲಾಗ್ ವ್ಯವಸ್ಥೆಗೆ ಯಾವ ಮಿತಿಯೂ ಇಲ್ಲ. ‘/ಇಟಿಸಿ/ಡಾಕರ್’ ಒಳಗಿನ ‘ಡೀಮನ್.ಜೇಸನ್’ ಫೈಲಿನಲ್ಲಿ ‘ಲಾಗ್-ಆಪ್ಟ್ಸ್’ ಅಡಿ ‘ಮ್ಯಾಕ್ಸ್-ಸೈಜ್’ ಅನ್ನು 10 ಎಂ, ‘ಮ್ಯಾಕ್ಸ್-ಫೈಲ್’ ಅನ್ನು 3 ಎಂದು ಹಾಕಿ. 3 ಎಂಬ ಅಂಕಿಯೂ ಉದ್ಧರಣ ಚಿಹ್ನೆಯೊಳಗೇ ಇರಬೇಕು, ಇಲ್ಲದಿದ್ದರೆ ಡಾಕರ್ ಶುರುವಾಗುವುದೇ ಇಲ್ಲ. ಈ ಮಿತಿ ಹೊಸದಾಗಿ ಸೃಷ್ಟಿಯಾದ ಕಂಟೈನರ್‌ಗಳಿಗೆ ಮಾತ್ರ ಅನ್ವಯ. ಹಳೆಯವನ್ನು ರೀಸ್ಟಾರ್ಟ್ ಮಾಡಿದರೆ ಸಾಲದು. ‘ಡಾಕರ್ ಕಂಪೋಸ್ ಅಪ್ -ಡಿ --ಫೋರ್ಸ್-ರೀಕ್ರಿಯೇಟ್’ ಕೊಟ್ಟು ಮತ್ತೆ ಕಟ್ಟಬೇಕು. ಇಲ್ಲೇ ಬಹಳ ಜನ ಎಡವುತ್ತಾರೆ.

ಇಷ್ಟೆಲ್ಲ ಫೈಲ್ ತೆಗೆದರೂ ಲೆಕ್ಕ ಕೂಡುತ್ತಿಲ್ಲವೆಂದರೆ ಇನ್ನೊಂದು ಕಾರಣವಿದೆ. ಇಎಕ್ಸ್‌ಟಿ4 ಫೈಲ್ ಸಿಸ್ಟಂ ಶೇ. 5ರಷ್ಟು ಜಾಗವನ್ನು ರೂಟ್ ಬಳಕೆದಾರನಿಗೆಂದು (ಪೂರ್ಣ ಅಧಿಕಾರವಿರುವ ಖಾತೆ) ಮೀಸಲಿಡುತ್ತದೆ. 1 ಟಿಬಿ ಡಿಸ್ಕಿನಲ್ಲಿ ಅದು ಸುಮಾರು 50 ಜಿಬಿ. ಬರೀ ಫೋಟೊ, ವಿಡಿಯೊ ಇರುವ ಪಾರ್ಟಿಷನ್‌ನಲ್ಲಿ ಅದನ್ನು ‘ಟ್ಯೂನ್2ಎಫ್‌ಎಸ್ -ಎಂ 1’ ಕೊಟ್ಟು ಶೇ. 1ಕ್ಕೆ ಇಳಿಸಬಹುದು. ಆಪರೇಟಿಂಗ್ ಸಿಸ್ಟಂ ಇರುವ ಪಾರ್ಟಿಷನ್‌ನಲ್ಲಿ ಮಾತ್ರ ಮುಟ್ಟಬೇಡಿ: ಡಿಸ್ಕ್ ತುಂಬಿದ ದಿನ ರೂಟ್ ಆಗಿ ಒಳಗೆ ಬಂದು ಸರಿಪಡಿಸಲು ಆ ಜಾಗವೇ ಬೇಕಾಗುತ್ತದೆ.

ಪ್ರಶ್ನೆ: ರಾತ್ರಿ 2 ಗಂಟೆಗೆ ಯುಎಸ್‌ಬಿ ಡಿಸ್ಕಿಗೆ ಫೈಲ್ ನಕಲಿಸುವ ಆರ್‌ಸಿಂಕ್ ಮೂಲಕ ಬ್ಯಾಕಪ್ ಆಗಲೆಂದು, ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್‌ನಲ್ಲಿ ಹಾಕಿದ್ದೇನೆ. ಕೈಯಾರೆ ಓಡಿಸಿದರೆ ನಡೆಯುತ್ತದೆ, ಕ್ರಾನ್‌ನಲ್ಲಿ ಎಷ್ಟೋ ದಿನ ನಡೆಯುವುದೇ ಇಲ್ಲ. ನಡೆದ ಒಂದು ರಾತ್ರಿ ಸರ್ವರ್‌ನ ಮುಖ್ಯ ಡಿಸ್ಕೇ ತುಂಬಿಹೋಗಿತ್ತು.

ಉತ್ತರ: ಇವು ಎರಡು ಬೇರೆ ಬೇರೆ ತೊಂದರೆ. ಮೊದಲು ಕ್ರಾನ್ ವಿಷಯ.

ಕ್ರಾನ್ ನಿಮ್ಮ ಶೆಲ್‌ನ (ಕಮಾಂಡ್ ಓದಿ ನಡೆಸುವ ಪ್ರೋಗ್ರಾಂ) ಸೆಟ್ಟಿಂಗ್ ಯಾವುದನ್ನೂ ಓದುವುದಿಲ್ಲ. ಪಾತ್ (ಕಮಾಂಡ್ ಹುಡುಕುವ ಫೋಲ್ಡರ್‌ಗಳ ಪಟ್ಟಿ) ಬಹಳ ಚಿಕ್ಕದು, ಶೆಲ್ ಬ್ಯಾಷ್ ಅಲ್ಲ, ಬರೀ ‘ಎಸ್‌ಎಚ್’. ಹಾಗಾಗಿ ಸ್ಕ್ರಿಪ್ಟ್‌ನಲ್ಲಿ ಪ್ರತಿ ಕಮಾಂಡಿಗೂ ಪೂರ್ತಿ ಪಾತ್ ಬರೆಯಿರಿ. ಕ್ರಾನ್‌ಟ್ಯಾಬ್ ಸಾಲಿನಲ್ಲಿ ದಿನಾಂಕಕ್ಕೆಂದು % ಚಿಹ್ನೆ ಬಳಸಿದ್ದೀರಾ ನೋಡಿ. ಕ್ರಾನ್‌ಗೆ % ಎಂದರೆ ಹೊಸ ಸಾಲು. ಕಮಾಂಡ್ ಅಲ್ಲಿಗೇ ತುಂಡಾಗುತ್ತದೆ. ಹಿಂದೆ \ ಹಾಕಿ, ಇಲ್ಲವೇ ಆ ಭಾಗವನ್ನು ಸ್ಕ್ರಿಪ್ಟ್ ಒಳಗೆ ಸಾಗಿಸಿ; ಅಲ್ಲಿ ಈ ಕಾಟವಿಲ್ಲ. ಸಾಲಿನ ಕೊನೆಗೆ >> ಹಾಕಿ ಲಾಗ್ ಫೈಲಿನ ಹೆಸರು, ನಂತರ 2>&1 ಸೇರಿಸಿದರೆ ಎರರ್ ಏನಿತ್ತೆಂದು ಬೆಳಗ್ಗೆ ಓದಬಹುದು. ರಾತ್ರಿಯವರೆಗೆ ಕಾಯದೆ ಪರೀಕ್ಷಿಸಬೇಕೆಂದರೆ ‘ಎನ್ವ್ -ಐ /ಬಿನ್/ಎಸ್‌ಎಚ್’ ಬರೆದು ಮುಂದೆ ಸ್ಕ್ರಿಪ್ಟ್ ಹೆಸರು ಕೊಡಿ. ಅದು ಹೆಚ್ಚುಕಡಿಮೆ ಕ್ರಾನ್‌ನಂಥದೇ ಬರಿದಾದ ಪರಿಸರ.

ಮುಖ್ಯ ಡಿಸ್ಕ್ ತುಂಬಿದ್ದು ಆ ರಾತ್ರಿ ಯುಎಸ್‌ಬಿ ಡಿಸ್ಕ್ ತನ್ನ ಫೋಲ್ಡರಿಗೆ ಜೋಡಣೆ, ಅಂದರೆ ಮೌಂಟ್, ಆಗಿರಲಿಲ್ಲವಾದ್ದರಿಂದ. ‘/ಎಂಎನ್‌ಟಿ/ಬ್ಯಾಕಪ್’ ಎಂಬುದು ಆಗ ಮುಖ್ಯ ಡಿಸ್ಕಿನ ಒಂದು ಖಾಲಿ ಫೋಲ್ಡರ್ ಅಷ್ಟೇ; ಆರ್‌ಸಿಂಕ್ ಅಲ್ಲಿಗೇ ಸುರಿದಿದೆ. ಮರುದಿನ ಡಿಸ್ಕ್ ಮೌಂಟ್ ಆದಾಗ ಸುರಿದದ್ದೆಲ್ಲ ಅದರ ಅಡಿಯಲ್ಲಿ ಮುಚ್ಚಿಹೋಗುತ್ತದೆ, ಡಿಯು ಕಣ್ಣಿಗೂ ಬೀಳುವುದಿಲ್ಲ. ಈಗ ಡಿಸ್ಕನ್ನು ಅನ್‌ಮೌಂಟ್ ಮಾಡಿ ಆ ಫೋಲ್ಡರ್ ತೆರೆದು ನೋಡಿ, ಕಳೆದುಹೋದ ಜಾಗ ಅಲ್ಲಿರುತ್ತದೆ. ಖಾಲಿ ಮಾಡಿದ ಮೇಲೆ, ಡಿಸ್ಕ್ ಇನ್ನೂ ಹೊರಗಿರುವಾಗಲೇ, ಆ ಫೋಲ್ಡರಿಗೆ ‘ಚ್ಯಾಟರ್ +ಐ’ ಹಾಕಿಬಿಡಿ. ಆಮೇಲೆ ಮೌಂಟ್ ಆಗದ ದಿನ ರೂಟ್ ಕೂಡ ಅಲ್ಲಿ ಬರೆಯಲಾಗದು. ಮೌಂಟ್ ಆದ ದಿನ ಎಂದಿನಂತೆ ನಡೆಯುತ್ತದೆ. ಸ್ಕ್ರಿಪ್ಟ್‌ನ ಮೊದಲಲ್ಲೂ ‘ಮೌಂಟ್‌ಪಾಯಿಂಟ್ -ಕ್ಯೂ’ ಕಮಾಂಡಿನಿಂದ ಪರೀಕ್ಷಿಸಿ, ಮೌಂಟ್ ಆಗಿರದಿದ್ದರೆ ಅಲ್ಲೇ ನಿಲ್ಲಿಸಿ.

ಮೌಂಟ್‌ಗಳ ಪಟ್ಟಿಯಾದ ‘ಎಫ್‌ಎಸ್‌ಟ್ಯಾಬ್’ನಲ್ಲಿ ಡಿಸ್ಕನ್ನು ಯುಯುಐಡಿಯಿಂದ (ಅದರದೇ ವಿಶಿಷ್ಟ ಗುರುತಿನ ಸಂಖ್ಯೆ) ಗುರುತಿಸಿ, ‘ನೋಫೇಲ್’ ಸೇರಿಸಿ. ಅದಿಲ್ಲದಿದ್ದರೆ ಯುಎಸ್‌ಬಿ ಡಿಸ್ಕ್ ಕಿತ್ತುಹೋದ ದಿನ ಸರ್ವರ್ ಬೂಟ್ ಆಗುವಾಗ 90 ಸೆಕೆಂಡು ಕಾದು ಎಮರ್ಜೆನ್ಸಿ ಮೋಡ್‌ಗೆ ಹೋಗಿ ನಿಲ್ಲುತ್ತದೆ, ನೆಟ್‌ವರ್ಕ್ ಮೂಲಕ ಒಳಗೆ ಹೋಗಲು ಆಗುವುದಿಲ್ಲ.

ಆರ್‌ಸಿಂಕ್‌ನಲ್ಲಿ ‘--ಡಿಲೀಟ್’ ಬಳಸುತ್ತಿದ್ದರೆ ಇನ್ನೂ ಎಚ್ಚರ ಬೇಕು. ಮೂಲ ಡಿಸ್ಕೇ ಮೌಂಟ್ ಆಗದೆ ಖಾಲಿ ಕಂಡರೆ ನಿಮ್ಮ ಬ್ಯಾಕಪ್ ಕೂಡ ಖಾಲಿಯಾಗುತ್ತದೆ. ಸ್ಕ್ರಿಪ್ಟ್ ಬದಲಿಸಿದಾಗಲೆಲ್ಲ ಮೊದಲು ‘-ಎನ್ -ವಿ’ ಸೇರಿಸಿ ಏನೇನು ಅಳಿಯುತ್ತದೆ ಎಂದು ಓದಿಕೊಳ್ಳಿ. ಇನ್ನು, ಓಡುತ್ತಿರುವ ಡೇಟಾಬೇಸಿನ ಫೈಲ್‌ಗಳನ್ನು ಹಾಗೇ ನಕಲು ಮಾಡಿದರೆ ಅರ್ಧ ಬರೆದ ಸ್ಥಿತಿ ಸಿಗಬಹುದು. ಪೋಸ್ಟ್‌ಗ್ರೆಸ್‌ಗೆ ‘ಪಿಜಿ_ಡಂಪ್’, ಎಸ್‌ಕ್ಯೂಲೈಟ್‌ಗೆ ‘.ಬ್ಯಾಕಪ್’ ಬಳಸಿ, ಬಂದ ಫೈಲನ್ನು ಆರ್‌ಸಿಂಕ್ ಮಾಡಿ. ತಿಂಗಳಿಗೊಮ್ಮೆ ಅದನ್ನು ಬೇರೆ ಹೆಸರಿನ ಡೇಟಾಬೇಸಿಗೆ ರಿಸ್ಟೋರ್ ಮಾಡಿ ನೋಡಲೇಬೇಕು.

ಪ್ರಶ್ನೆ: ರೇಡ್ 1ರಲ್ಲಿ (ಒಂದೇ ಮಾಹಿತಿಯನ್ನು ಎರಡೂ ಕಡೆ ಬರೆಯುವ ಜೋಡಣೆ) ಎರಡು ಡಿಸ್ಕ್ ಇವೆ. ಬೇರೆ ಬ್ಯಾಕಪ್ ಬೇಕೇ?

ಉತ್ತರ: ಬೇಕು. ನೀವು ತಪ್ಪಿ ಅಳಿಸಿದ ಫೈಲ್ ಎರಡೂ ಡಿಸ್ಕಿನಿಂದ ಅದೇ ಕ್ಷಣ ಅಳಿಯುತ್ತದೆ. ಒಂದು ಡಿಸ್ಕ್ ಕೆಟ್ಟರೆ ಸರ್ವರ್ ನಿಲ್ಲದಿರಲಿ ಎಂಬುದಕ್ಕಷ್ಟೇ ರೇಡ್.

ಪ್ರಶ್ನೆ: ಡೇಟಾಬೇಸ್ ಪಾಸ್‌ವರ್ಡ್ ಇದ್ದ ‘.ಎನ್ವ್’ ಫೈಲ್ ಕೋಡ್ ಬದಲಾವಣೆಗಳ ಇತಿಹಾಸ ಇಡುವ ಗಿಟ್‌ನಲ್ಲಿ ಕಮಿಟ್ ಆಗಿ (ದಾಖಲಾಗಿ) ಪುಷ್ ಕೂಡ ಆಗಿದೆ (ಆನ್‌ಲೈನ್ ರೆಪೊಸಿಟರಿಗೆ ಹೋಗಿದೆ). ಮುಂದಿನ ಕಮಿಟ್‌ನಲ್ಲಿ ಅಳಿಸಿದೆ. ಇಷ್ಟು ಸಾಕೇ?

ಉತ್ತರ: ಸಾಲದು. ಹಳೆಯ ಕಮಿಟ್‌ನಲ್ಲಿ ಪಾಸ್‌ವರ್ಡ್ ಹಾಗೇ ಇದೆ, ಯಾರು ಬೇಕಾದರೂ ಹಿಂದೆ ಹೋಗಿ ಓದಬಹುದು. ಮೊದಲು ಪಾಸ್‌ವರ್ಡ್ ಬದಲಿಸಿ, ಈಗಲೇ; ಇತಿಹಾಸ ತೊಳೆಯುವ ಕೆಲಸ ಆಮೇಲೆ. ಸಾರ್ವಜನಿಕ ರೆಪೊಸಿಟರಿಗಳಲ್ಲಿ ಇಂಥವನ್ನು ಹುಡುಕುವ ಬಾಟ್‌ಗಳು ಸದಾ ಓಡುತ್ತಿರುತ್ತವೆ, ಹಾಗಾಗಿ ಒಮ್ಮೆ ಪುಷ್ ಆದದ್ದು ಬಯಲಾಯಿತೆಂದೇ ಎಣಿಸಬೇಕು. ನಂತರ ‘ಗಿಟ್ ಫಿಲ್ಟರ್-ರೆಪೊ’ ಬಳಸಿ ಆ ಫೈಲನ್ನು ಎಲ್ಲ ಕಮಿಟ್‌ಗಳಿಂದ ತೆಗೆದು ಫೋರ್ಸ್ ಪುಷ್ ಮಾಡಿ. ಜೊತೆಯವರು ಹಳೆಯ ಪ್ರತಿ ಬಿಟ್ಟು ಹೊಸದಾಗಿ ಕ್ಲೋನ್ ಮಾಡಬೇಕು. ಒಬ್ಬರು ಹಳೆಯದನ್ನು ಮರ್ಜ್ ಮಾಡಿ ಪುಷ್ ಮಾಡಿದರೂ ಪಾಸ್‌ವರ್ಡ್ ವಾಪಸ್ ಬರುತ್ತದೆ.

ಗಿಟ್ ಬಿಡಬೇಕಾದ ಫೈಲ್‌ಗಳ ಪಟ್ಟಿಯಾದ ‘.ಗಿಟ್‌ಇಗ್ನೋರ್’ನಲ್ಲಿ ಈಗ ಹೆಸರು ಸೇರಿಸಿದರೂ, ಗಿಟ್ ಆಗಲೇ ಗಮನಿಸುತ್ತಿರುವ ಫೈಲಿಗೆ ಅದು ತಾಗುವುದಿಲ್ಲ. ‘ಗಿಟ್ ಆರ್‌ಎಂ --ಕ್ಯಾಶ್ಡ್’ ಕೊಟ್ಟರೆ ಫೈಲ್ ನಿಮ್ಮಲ್ಲೇ ಉಳಿದು ಗಿಟ್‌ನಿಂದ ಹೊರಬರುತ್ತದೆ.

ಪ್ರಶ್ನೆ: ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡ್ (ಹೊರಗಿನ ಸಂಪರ್ಕವನ್ನು ಸರ್ವರಿಗೆ ಕಳಿಸುವ ಸೆಟ್ಟಿಂಗ್) ಮಾಡಿದ್ದೇನೆ. ಮನೆಯೊಳಗೆ ಸರ್ವರ್ ತೆರೆಯುತ್ತದೆ, ಹೊರಗಿನಿಂದ ಇಲ್ಲ.

ಉತ್ತರ: ರೂಟರ್ ಪುಟದಲ್ಲಿ ವ್ಯಾನ್ ಐಪಿ (ಇಂಟರ್ನೆಟ್ ಕಡೆಯ ವಿಳಾಸ) ನೋಡಿ. ಅದು 100.64ರಿಂದ 100.127ರೊಳಗೆ ಇದ್ದರೆ, ಅಥವಾ 10ರಿಂದ ಶುರುವಾಗಿದ್ದರೆ, ನಿಮ್ಮ ಇಂಟರ್ನೆಟ್ ಕಂಪನಿ ಹಲವು ಗ್ರಾಹಕರನ್ನು ಒಂದೇ ಸಾರ್ವಜನಿಕ ಐಪಿಯ ಹಿಂದೆ ಕೂರಿಸಿದೆ. ಹೊರಗಿನ ಸಂಪರ್ಕ ನಿಮ್ಮ ರೂಟರ್ ತನಕ ಬರುವುದೇ ಇಲ್ಲ. ಸಾರ್ವಜನಿಕ ಐಪಿ ಕೇಳಿ ಪಡೆಯಿರಿ, ಇಲ್ಲವೇ ಬಾಡಿಗೆಯ ಚಿಕ್ಕ ಸರ್ವರ್ ಒಂದಕ್ಕೆ ಮನೆಯಿಂದ ವೈರ್‌ಗಾರ್ಡ್ ವಿಪಿಎನ್ ಸುರಂಗ ಹಾಕಿ. ಮನೆಯ ಕಡೆಯ ಸೆಟ್ಟಿಂಗ್‌ನಲ್ಲಿ ‘ಪರ್ಸಿಸ್ಟೆಂಟ್ ಕೀಪ್‌ಅಲೈವ್’ 25 ಸೆಕೆಂಡ್ ಇರಲಿ. ಇಲ್ಲದಿದ್ದರೆ ಸ್ವಲ್ಪ ಹೊತ್ತು ಮಾತುಕತೆ ನಿಂತರೂ ನಡುವಿನ ನ್ಯಾಟ್ (ಒಂದೇ ಐಪಿಯನ್ನು ಹಲವರಿಗೆ ಹಂಚುವ ವ್ಯವಸ್ಥೆ) ನಿಮ್ಮನ್ನು ಮರೆತು ಸಂಪರ್ಕ ಕಡಿಯುತ್ತದೆ.

ಪರೀಕ್ಷೆಯನ್ನು ಮೊಬೈಲ್ ಡೇಟಾದಿಂದಲೇ ಮಾಡಿ. ಮನೆಯ ವೈಫೈನಲ್ಲೇ ಕುಳಿತು ಹೊರಗಿನ ವಿಳಾಸ ತೆರೆದರೆ ಕೆಲವು ರೂಟರ್‌ಗಳು ದಾರಿ ಕೊಡುವುದಿಲ್ಲ, ಸರಿಯಿದ್ದದ್ದೂ ಕೆಟ್ಟಂತೆ ಕಾಣುತ್ತದೆ. ಸಾರ್ವಜನಿಕ ಐಪಿ ಬಂದ ದಿನ ಇನ್ನೊಂದನ್ನು ಮರೆಯಬೇಡಿ: ಡಾಕರ್ ತೆರೆದ ಪೋರ್ಟ್‌ಗಳು ಯುಎಫ್‌ಡಬ್ಲ್ಯು ಫೈರ್‌ವಾಲ್‌ನ ನಿಯಮಗಳನ್ನು ದಾಟಿ ಹೋಗುತ್ತವೆ. ರಿವರ್ಸ್ ಪ್ರಾಕ್ಸಿ (ಹೊರಗಿನ ಕೋರಿಕೆಗಳನ್ನು ಒಳಗಿನ ಸರ್ವಿಸ್‌ಗೆ ದಾಟಿಸುವ ಪ್ರೋಗ್ರಾಂ) ಅದೇ ಯಂತ್ರದಲ್ಲಿದ್ದರೆ ಕಂಪೋಸ್ ಫೈಲಿನಲ್ಲಿ 8080:80 ಬದಲು 127.0.0.1:8080:80 ಎಂದು ಬರೆಯಿರಿ; ಆಗ ಆ ಪೋರ್ಟ್ ಯಂತ್ರದೊಳಗಷ್ಟೇ ತೆರೆದಿರುತ್ತದೆ.