ಕೀಫ್ಲವರ್‌ನಲ್ಲಿ ಕೈ ಬರಿದಾಗದ ಹಾಗೆ ಆಡೋದು

ಕೀಫ್ಲವರ್ ಅನ್ನೋದು ವಸಂತ, ಬೇಸಿಗೆ, ಶರತ್ಕಾಲ, ಚಳಿಗಾಲ ಅಂತ ನಾಲ್ಕು ಸುತ್ತಿನ ಬೋರ್ಡ್ ಗೇಮ್; ಹರಾಜಿನಲ್ಲಿ ಗೆದ್ದ ಟೈಲ್‌ಗಳಿಂದ (ಬಿಲ್ಲೆಗಳಿಂದ) ಪ್ರತಿಯೊಬ್ಬರೂ ತಮ್ಮ ಹಳ್ಳಿ ಕಟ್ಟುತ್ತಾರೆ. ಬೇಸಿಗೆ ಸುತ್ತು ಮುಗಿಯೋಷ್ಟರಲ್ಲಿ ಕೆಲಸಗಾರರೆಲ್ಲ (ಬಣ್ಣಬಣ್ಣದ ಕಾಯಿಗಳು) ಖಾಲಿ, ಹರಾಜಿನಲ್ಲಿ ಜಾಸ್ತಿ ಟೈಲ್ ಗೆದ್ದವರೂ ನಾವೇ, ಕೊನೆಗೆ ಪಾಯಿಂಟ್ ಮಾತ್ರ ಇಲ್ಲ ಅಂತ ಬರೆದಿದ್ದೀರಿ. ನನ್ನ ಪ್ರಕಾರ ತೊಂದರೆ ಇರೋದು ಆ ಜಾಸ್ತಿ ಗೆಲುವಿನಲ್ಲೇ.

ಈ ಆಟದಲ್ಲಿ ಕೆಲಸಗಾರರೇ ದುಡ್ಡು, ಅವರೇ ದುಡಿಮೆ. ಹರಾಜು ಗೆದ್ದರೆ ಕೂಗಿಗೆ ಇಟ್ಟ ಕೆಲಸಗಾರರು ಆಟದ ಚೀಲಕ್ಕೆ ಹೋಗುತ್ತಾರೆ, ಮತ್ತೆ ನಿಮಗಿಲ್ಲ. ಸೋತರೆ ವಾಪಸ್ ಬರುತ್ತಾರೆ. ಟೈಲ್ ಕೊಡುವ ಸಾಮಾನಿಗಾಗಿ ಅದರ ಮೇಲೆ ದುಡಿಯಲು ಇಟ್ಟ ಕೆಲಸಗಾರರು ಸುತ್ತಿನ ಕೊನೆಗೆ ಆ ಟೈಲ್ ಯಾರದೋ ಅವರ ಪಾಲಾಗುತ್ತಾರೆ. ಇದಿಷ್ಟು ತಲೆಯಲ್ಲಿದ್ದರೆ ಅರ್ಧ ಆಟ ಕೈಗೆ ಬಂದ ಹಾಗೆ.

ವಸಂತದಲ್ಲಿ ಮರ ಕೊಡುವ ಟೈಲ್‌ಗೆ ಎದುರಾಳಿ ಎರಡು ಕೆಂಪು ಕೆಲಸಗಾರರನ್ನು ಕೂಗಿದ್ದಾರೆ ಅಂದುಕೊಳ್ಳಿ. ನಿಮಗೆ ಬೇಕಿರೋದು ಮರ, ಟೈಲ್ ಅಲ್ಲ. ಮೂರು ಕೆಂಪು ಕೂಗಿ ಹಠಕ್ಕೆ ಬೀಳಬೇಡಿ. ಒಂದು ಕೆಂಪನ್ನು ಅದೇ ಟೈಲ್ ಮೇಲೆ ದುಡಿಯಲು ಇಡಿ, ಮರ ಆಗಲೇ ಸಿಗುತ್ತದೆ. ಹೌದು, ಆ ಒಬ್ಬ ಕೆಲಸಗಾರ ಅವರ ಮನೆ ಸೇರುತ್ತಾನೆ. ಮೂವರನ್ನು ಚೀಲಕ್ಕೆ ಹಾಕುವುದಕ್ಕಿಂತ ಅದು ಅಗ್ಗ ಅಲ್ವಾ?

ನಿಮ್ಮ ಹಳ್ಳಿಯ ಟೈಲ್‌ಗಳ ಲೆಕ್ಕವೇ ಬೇರೆ. ಅಲ್ಲಿ ದುಡಿಸಿದವರೆಲ್ಲ ನಿಮಗೇ ಮರಳುತ್ತಾರೆ, ಬೇರೆಯವರು ಬಂದು ಇಟ್ಟವರೂ ಸೇರಿ. ಆದರೆ ಒಂದು ಟೈಲ್ ಮೇಲೆ ದುಡಿಯಲು ಒಟ್ಟು ಆರೇ ಜನಕ್ಕೆ ಜಾಗ, ಪ್ರತಿ ಸಲವೂ ಹಿಂದಿನವರಿಗಿಂತ ಜಾಸ್ತಿ ಇಡಬೇಕು. ಹಾಗಾಗಿ ಮೊದಲ ಸಲವೇ ಮೂವರನ್ನು ಇಟ್ಟರೆ ಮುಂದಿನವರಿಗೆ ನಾಲ್ಕು ಬೇಕು, ಒಟ್ಟು ಏಳಾಗುತ್ತದೆ, ಬಾಗಿಲು ಮುಚ್ಚಿತು. ಒಂದೇ ಒಂದು ಸಾಮಾನು ತರಲು ಮೂವರು ದಂಡ ಅನ್ನಿಸಬಹುದು. ಸ್ವಂತ ಟೈಲ್ ಆದರೆ ಸುತ್ತು ಮುಗಿದಾಗ ಮೂವರೂ ವಾಪಸ್ಸು. ಬೇರೆಯವರ ಟೈಲ್ ಮೇಲಾದರೆ ಇದನ್ನು ತೀರಾ ಬೇಕಾದಾಗಷ್ಟೇ ಮಾಡಿ.

ಈಗ ಬಣ್ಣ. ಟೈಲ್‌ಗೆ ಮೊದಲು ಬಿದ್ದ ಬಣ್ಣವೇ ಆ ಸುತ್ತಿಡೀ ಅದರ ಬಣ್ಣ, ಕೂಗಲೂ ಅದೇ, ದುಡಿಸಲೂ ಅದೇ. ಎದುರಾಳಿಗಳು ಕೆಲಸಗಾರರನ್ನು ಪರದೆ ಹಿಂದೆ ಬಚ್ಚಿಟ್ಟರೂ ಯಾರು ಯಾವ ಬಣ್ಣ ಸುರಿದರು ಅನ್ನೋದು ಎಲ್ಲರ ಕಣ್ಣೆದುರೇ ನಡೆಯುತ್ತದೆ. ನೀಲಿ ಖರ್ಚಾದವರ ಎದುರು ನೀಲಿಯಲ್ಲಿ ಕೂಗು ಶುರು ಮಾಡಿ. ಹಸಿರು ಇನ್ನೂ ಮೇಲು. ಶುರುವಿನಲ್ಲಿ ಸಿಗುವ ಎಂಟು ಜನರಲ್ಲಿ ಹಸಿರು ಇರೋದೇ ಇಲ್ಲ, ಟೈಲ್‌ಗಳಿಂದಲೇ ಗಳಿಸಬೇಕು. ಒಬ್ಬನೇ ಹಸಿರು ಕೆಲಸಗಾರನಿಂದ ಒಳ್ಳೆ ಟೈಲ್ ಹೊಡೆದುಕೊಳ್ಳುವುದು ಇಲ್ಲಿ ಮಾಮೂಲು. ಹಸಿರು ಕೊಡುವ ಟೈಲ್ ಬೇರೆಯವರ ಹಳ್ಳಿಯಲ್ಲಿದ್ದರೆ ಸಂಕೋಚ ಬೇಡ, ಹೋಗಿ ದುಡಿಸಿ.

ನಿಮ್ಮ ಕೂಗನ್ನು ಯಾರಾದರೂ ಮೀರಿದರೆ ಆ ಗುಂಪನ್ನು ಮುಂದೆ ಬೇರೆ ಕಡೆ ಸರಿಸಬಹುದು. ಒಡೆಯುವ ಹಾಗಿಲ್ಲ, ಇಡೀ ಗುಂಪೇ ಹೋಗಬೇಕು. ಪಾಸ್ ಅಂದ ಮಾತ್ರಕ್ಕೆ ಆ ಸುತ್ತು ನಿಮಗೆ ಮುಗಿಯಲಿಲ್ಲ, ಎಲ್ಲರೂ ಸಾಲಾಗಿ ಪಾಸ್ ಅಂದಾಗಲೇ ಮುಗಿಯೋದು.

ಪಾಯಿಂಟ್ ವಿಷಯ. ಚಳಿಗಾಲದ ಟೈಲ್‌ಗಳು ಆಟದ ಆರಂಭದಲ್ಲೇ ಗುಟ್ಟಾಗಿ ನಿಮ್ಮ ಕೈಗೆ ಬಂದಿರುತ್ತವೆ. ತುಂಬಾ ಜನ ಅವನ್ನು ಬದಿಗಿಟ್ಟು ಮರೆತೇಬಿಡುತ್ತಾರೆ. ವಸಂತಕ್ಕೇ ಓದಿ. ಕಬ್ಬಿಣಕ್ಕೆ ಪಾಯಿಂಟ್ ಕೊಡುವುದಿದ್ದರೆ ಕಬ್ಬಿಣ ಕೂಡಿಹಾಕುತ್ತಾ ಬನ್ನಿ. ಕೊನೆ ಸುತ್ತಿಗೆ ಒಂದನ್ನಾದರೂ ಹರಾಜಿಗೆ ಇಳಿಸಲೇಬೇಕು, ನಿಮ್ಮ ದಾರಿಗೆ ಹೊಂದುವುದನ್ನೇ ಇಳಿಸಿ. ಇಳಿಸಿದ್ದು ನೀವೇ ಆದರೂ ಅದು ಪುಕ್ಕಟೆ ಬರೋದಿಲ್ಲ, ಹರಾಜಿನಲ್ಲೇ ಗೆಲ್ಲಬೇಕು. ಅದಕ್ಕೆ ಶರತ್ಕಾಲದಲ್ಲಿ ಕೈ ಬಿಗಿ ಹಿಡಿಯಿರಿ, ಒಂದು ಬಣ್ಣದವರು ನಾಲ್ಕೈದು ಜನ ಪರದೆ ಹಿಂದೆ ಉಳಿದಿರಲಿ.